ಮೊದಲು ಪೊಲೀಸರ ಜೇಬು

ಬಳೆಗಾರ್ತಿ ಶಾವಕ್ಕನಿಗೆ ಅನುಮಾನ ಪಡುವ ಬುದ್ಧಿಯೇ ಇರಲಿಲ್ಲ. ಜನರಿಗೆ ಪೊಲೀಸರ ಮೇಲೆ ನಂಬಿಕೆ ಬರಲೆಂದು ಆ ಕಾನೂನು ಬಂದು ವರ್ಷಗಳೇ ಆಗಿದ್ದವು: ತಪಾಸಣೆಗೆ ನಿಂತವರು ಮೊದಲು ಪೊಲೀಸರ ಜೇಬು ತಡಕಬೇಕು; ತಡಕದವರ ದೂರು ಆಮೇಲೆ ನಡೆಯದು.

ತಪಾಸಣೆಯ ನಾಕಾದಲ್ಲಿ ಅವಳನ್ನು ತಡೆದ ಹೊಸ ಪೇದೆ ಸುನಂದಾ ತಾನೇ ಕೈಯೆತ್ತಿ ನಿಂತಳು. ತುಂಬು ಬಸುರಿ. "ತಡಕ್ರಿ, ಅಕ್ಕಾರ."

"ಬಸುರಿ ಹೆಣ್ಣಿನ ಮೈ ತಡಕ್ಲೇನು? ಸುಮ್ನ ಕುಂದ್ರವಾ ತಾಯಿ!"

ಸುನಂದಾ ನಕ್ಕು ಬಳೆಬುಟ್ಟಿಗೆ ಕೈ ಹಾಕಿದಳು. ಕೈ ಹೊರಬಂದಾಗ ಅದರಲ್ಲಿ ಗಾಂಜಾ ಪೊಟ್ಟಣವಿತ್ತು.

ಶಾವಕ್ಕ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು. "ನಂದಲ್ಲರೀ ಸಾಹೇಬ್ರ! ಈಕೀನೇ ತಂದಾಳ!"

"ಈಕೀನ ತಡಕಿದ್ಯೇನ?" ಎಂದ ಪಕ್ಕದಲ್ಲಿದ್ದ ಮೇಲಧಿಕಾರಿ ಫೌಜದಾರ. "ಇಲ್ಲಾ? ಹಂಗಾರ ಮುಗೀತು."

ಸುನಂದಾ ಅಂಗಿಯೊಳಗಿಂದ ದಿಂಬು ಎಳೆದು ಕುರ್ಚಿಗೆ ಹಾಕಿ, ಅದರ ಮೇಲೆ ಕೂತಳು. ಶಾವಕ್ಕ ಅಳುವುದನ್ನೂ ಮರೆತು ನೋಡಿದಳು.

ಅವಳು ಕಳೆದುಕೊಂಡದ್ದು ಜೈಲಿನಲ್ಲಿ ಮೂರು ವರ್ಷ, ಒಂದು ಬುಟ್ಟಿ ಬಳೆ.