ಬೆಲ್ಲದ ಅಂಗೈ

ಕುದುರೆಯ ಹೊಟ್ಟೆಹುಳು ಮನುಷ್ಯರಿಗೆ ಹತ್ತಿದರೆ ಕುದುರೆಯ ನೆನಪುಗಳೂ ಹತ್ತುತ್ತವೆ ಎಂಬುದು ವಿಜಯಪುರದ ಟಾಂಗಾದವರಿಗೆಲ್ಲ ಗೊತ್ತಿತ್ತು. ಲಾಲಸಾಬನ ಮನೆಗೆ ಅದು ಬಂದದ್ದು ಬೆಲ್ಲದಿಂದ. ಮಗಳು ಶಮೀಮ ಲದ್ದಿ ಬಳಿದ ಕೈಯಲ್ಲೇ ಕುದುರೆ ಸುರ್ಮಾಳಿಗೆ ಬೆಲ್ಲ ತಿನ್ನಿಸಿ, ಉಳಿದ ಚೂರನ್ನು ತಾನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಸುರ್ಮಾ ಸತ್ತು ತಿಂಗಳಾಗಿತ್ತು. ಆರೋಗ್ಯ ಕೇಂದ್ರದ ನೀಲವ್ವ ಇವತ್ತು ಮತ್ತೆ ಮಾತ್ರೆ ತಂದಿದ್ದಳು.

“ಕೂಸು ಸೊರಗಿ ಕಡ್ಡಿ ಆಗೈತಿ. ಇನ್ನೊಂದು ವಾರ ತಡದ್ರ ನಾ ಜವಾಬ್ದಾರ ಅಲ್ಲ ನೋಡ್ರಿ.”

“ಹುಳ ಹೋದ್ರ ನಮ್ಮ ಸುರ್ಮಾನೂ ಹೊಕ್ಕಾಳಲ್ರೀ,” ಎಂದ ಲಾಲಸಾಬ. “ನನಗಂತೂ ಹತ್ತಲಿಲ್ಲ. ಇಕೀನರ ಆಕಿ ಸುದ್ದಿ ಹೇಳ್ತಾಳ.”

ದಿನಾ ಅವನು ಕೇಳುತ್ತಿದ್ದ. ಹಸಿ ಹುಲ್ಲಿನ ವಾಸನೆ, ಗೋಳಗುಮ್ಮಟದ ನೆರಳು, ಕೊರಳಿನ ಗೆಜ್ಜೆಯ ಸದ್ದು ಎಂದು ಶಮೀಮ ಒಂದೊಂದೇ ಹೇಳುತ್ತಿದ್ದಳು.

“ಕಡೀ ದಿನದ್ದು ಏನರ ನೆನಪೈತೇನವ್ವಾ?” ಎಂದು ಇವತ್ತು ಕೇಳಿದ. “ದಿಬ್ಬ ಹತ್ತೂಮುಂದ ಬಿದ್ಲಲ್ಲ, ಅವತ್ತಿಂದು?”

ಶಮೀಮ ಗೋಡೆಯ ಮೊಳೆಗೆ ನೇತುಹಾಕಿದ್ದ ಚಾವಟಿಯನ್ನೇ ನೋಡಿದಳು. ಅವಳ ಹಣೆ ಬೆವರಿತ್ತು. ಒರೆಸಲೆಂದು ಲಾಲಸಾಬ ಕೈಯೆತ್ತಿದ.

ಅವಳು ಕಣ್ಣು ಬಿಗಿಯಾಗಿ ಮುಚ್ಚಿ, ಬೆನ್ನು ಬಗ್ಗಿಸಿ, ಏಟಿಗೆ ಕಾದು ನಿಂತಳು.