ಕುಂಬಾರವಾಡದಲ್ಲಿ ಬದುಕಿದ ಹೀರೋ

"ಅಗ್ನೆಸಕ್ಕಾ, ಆ ಪಿಕ್ಚರ್‌ನ್ಯಾಗ ಹೀರೋ ಕೊನೀಗೆ ಸಾಯ್ತಾನ. ಅಳೂ ಪಿಕ್ಚರ್‌ಗೆ ಒಂದನೇ ನಂಬರ್ ಯಾಕ?" ಎಂದು ಅಂಕುಶ ಛೇಡಿಸಿದಾಗ ಅಗ್ನೆಸಳ ಚಹಾದ ಲೋಟ ತುಟಿಯ ಬಳಿಯೇ ನಿಂತಿತು. ಹಳಿಯಾಳದ ಚಿತ್ರಪ್ರಿಯರ ಬಳಗವು ತೊಂಬತ್ತರ ದಶಕದ ಹತ್ತು ಮೆಚ್ಚಿನ ಚಿತ್ರಗಳನ್ನು ಆರಿಸುತ್ತಿತ್ತು. ಉಳಿದದ್ದು ಮೊದಲ ಸ್ಥಾನ ಮಾತ್ರ; ಅದಕ್ಕೆ ಅವಳು ಈ ಚಿತ್ರವನ್ನು ಸೂಚಿಸಿದ್ದಳು. ಮೊದಲ ಸ್ಥಾನಕ್ಕೇರಿದ ಚಿತ್ರವನ್ನು ಭಾನುವಾರ ಎಲ್ಲರೂ ಕೂಡಿ ನೋಡುವುದೆಂದು ಮಾತಾಗಿತ್ತು. ಹದಿನಾರರ ಹರೆಯದಲ್ಲಿ ಕುಂಬಾರವಾಡದ ಟೆಂಟ್ ಟಾಕೀಸಿನಲ್ಲಿ ಕಂಡ ಆ ಚಿತ್ರ ಅವಳಿಗೆ ಮತ್ತೆಂದೂ ನೋಡಸಿಕ್ಕಿರಲಿಲ್ಲ.

"ಸಾಯ್ತಾನ, ಖರೆ. ಆಮ್ಯಾಲೆ ಎದ್ದು ಬರ್ತಾನಲ್ಲೋ! ಚಿತಿ ಉರದ ಮ್ಯಾಲ ಸೀದಾ ಮದುವಿ ಮಂಟಪಕ್ಕ ಬಂದು ಕುಣೀತಾನ. ನಮ್ಮವ್ವ ಯೇಸುಗ ಕೈ ಮುಗದಿದ್ಲು."

ಬಳಗವೆಲ್ಲ ಘೊಳ್ಳೆಂದು ನಕ್ಕಿತು. ನಗದೆ ಉಳಿದವನು ಹಲಗೆಯ ಮೇಲೆ ಪಟ್ಟಿ ಬರೆಯುತ್ತಿದ್ದ ಖೇಮಪ್ಪನೊಬ್ಬನೇ. ಆ ಟೆಂಟಿನಲ್ಲಿ ಸಿನಿಮಾ ಮಷೀನು ಓಡಿಸುತ್ತಿದ್ದವನು ಅವನೇ. ಅವನು ಸೀಮೆಸುಣ್ಣ ಹಿಡಿದ ಕೈಯನ್ನು ಎದೆಗೊತ್ತಿಕೊಂಡ. "ತಪ್ಪು ನಂದವ್ವಾ. ಡಬ್ಬಿ ಮ್ಯಾಲಿನ ಚೀಟಿ ಮಳಿಗೆ ತೊಯ್ದು ಹೋಗಿದ್ವು. ಸಾಯೂ ರೀಲ್ ಮೊದಲ ಹಾಕಿಬಿಟ್ಟೆ, ಮದುವಿ ರೀಲ್ ಆಮ್ಯಾಲ. ಜನಾ ಸಿಳ್ಳಿ ಹೊಡದ್ರು, ನಾ ಸುಮ್ಮನಾದೆ."

"ಹಂಗಾರ ಅಂವ ಖರೇನ ಸತ್ತಾನೇನ್ರಿ, ಅಣ್ಣಾರ?" ಅಗ್ನೆಸಳ ದನಿ ಇಳಿದಿತ್ತು.

ಖೇಮಪ್ಪ ಹಲಗೆಯತ್ತ ತಿರುಗಿ ಮೊದಲ ಸ್ಥಾನದಲ್ಲಿ ಅವಳ ಚಿತ್ರದ ಹೆಸರನ್ನು ದಪ್ಪಕ್ಷರಗಳಲ್ಲಿ ಬರೆದ. "ಬ್ಯಾರೆ ಊರಾಗ ಸತ್ತಾನವ್ವಾ. ಕುಂಬಾರವಾಡದಾಗ ಬದುಕ್ಯಾನ. ಭಾನುವಾರ ಇಲ್ಲೂ ಹಂಗ ಹಾಕೂಣು, ಸಾಯೂದು ಮೊದಲ, ಮದುವಿ ಆಮ್ಯಾಲ. ಒಪ್ಪಿದವರು ಕೈ ಎತ್ರಿ."

ಎಲ್ಲರಿಗಿಂತ ಮೊದಲು ಎದ್ದ ಕೈ ಅಂಕುಶನದು.