ಆಯುಧಪೂಜೆಯ ನಿಂಬೆಹಣ್ಣು

ಪೆಟ್ರೋಲ್ ಗರಗಸದ ತುದಿ ಜಾಲಿಯ ಗಂಟಿಗೆ ತಗುಲಿದ್ದೇ ತಡ, ಯಂತ್ರ ಕೆಂಚೇಶನ ಮುಖದತ್ತ ಎಗರಿತು. ಕೈ ತಾಗಿದೊಡನೆ ಮುಂದಕ್ಕೆ ಬಾಗಿ ಚೈನಿಗೆ ಬ್ರೇಕ್ ಹಾಕಬೇಕಿದ್ದ, ಹಿಡಿಕೆಯ ಮುಂದಿನ ಗಾರ್ಡು ಅಲುಗಲಿಲ್ಲ. ಹಲ್ಲುಗಳು ಅವನ ಹೆಗಲನ್ನು ಎಲುಬಿನವರೆಗೂ ಸೀಳಿದವು.

ಜೊತೆಗಾರ ಧರ್ಮಪ್ಪ ಓಡಿಬಂದು ಎಂಜಿನ್ ಆರಿಸಿದ. ಗಾರ್ಡನ್ನು ಹಿಡಿಕೆಗೆ ಬಿಗಿದಿದ್ದ ತಾಮ್ರದ ತಂತಿಯಲ್ಲಿ ಆಯುಧಪೂಜೆಯ ನಿಂಬೆಹಣ್ಣು ರಕ್ತದಲ್ಲಿ ಮಿಂದು ತೂಗುತ್ತಿತ್ತು. "ಈ ತಂತಿ ಇದ್ರೆ ಬ್ರೇಕ್ ಹೆಂಗೆ ಬೀಳ್ತೈತೆ ಅಂತ ಬೆಳಿಗ್ಗೇನೇ ಬಡ್ಕೊಂಡೆ!" ಎನ್ನುತ್ತ ಅವನು ಟವೆಲನ್ನು ಗಾಯಕ್ಕೆ ಅದುಮಿದ.

ಆಚೆ ಬದುವಿನಿಂದ ಕೆಂಚೇಶನ ಹೆಂಡತಿ ಉಚ್ಚಂಗಮ್ಮ ಚೀರುತ್ತ ಓಡಿಬರುತ್ತಿದ್ದಳು. ಗಂಡನಿಗೆ ಏನೂ ಆಗದಿರಲೆಂದು ಆ ತಂತಿ ಬಿಗಿದು ಹಣ್ಣು ಕಟ್ಟಿದವಳು ಅವಳೇ.

ಕೆಂಚೇಶ ಟವೆಲನ್ನು ತಳ್ಳಿದ. "ನನ್ನ ಬಿಡಲೇ. ಅವಳು ಬರೋದ್ರೊಳಗೆ ಆ ತಂತಿ ಕಿತ್ತಾಕು."